ಉಂಡ ಮನೆಯ ನೆಲುವು

ತಿಪಟೂರು
16 ಅಕ್ಟೋಬರ್ 2024

ಜಯಕ್ಕನವರಿಗೆ ಕೊಬ್ಬರಿ ಮಂಡಿಯ ಗುಮಾಸ್ತ ಭೀಮರಾಜುವಿನ ನಮಸ್ಕಾರಗಳು.

ಫೋನ್ ಮಾಡೋಣವೆಂದರೆ ನಿಮ್ಮ ಹಟ್ಟಿಯಲ್ಲಿ ಕೆರೆ ಏರಿ ಹತ್ತಿ ಕೂಗಬೇಕು, ಆಡಿದ್ದು ಊರಿಗೆಲ್ಲ ಕೇಳುತ್ತದೆ ಎಂದು ನೀವೇ ನಕ್ಕಿದ್ದಿರಿ. ಅದಕ್ಕೇ ಈ ಕಾಗದ. ಜೊತೆಗೆ ಭಾನುವಾರದ ಪತ್ರಿಕೆಯ ತುಂಡು ಇಟ್ಟಿದ್ದೇನೆ. ನನ್ನ ‘ಎಲೆಯ ಮುಂದೆ’ ಅಂಕಣದಲ್ಲಿ ಈ ವಾರ ನಿಮ್ಮ ಮನೆಯ ಊಟ.

ಕೊಬ್ಬರಿ ನೋಡಲು ಸ್ಕೂಟರಿನಲ್ಲಿ ಊರೂರು ಸುತ್ತುತ್ತೇನೆ, ಸಿಕ್ಕಲ್ಲಿ ಉಣ್ಣುತ್ತೇನೆ, ಹನ್ನೊಂದು ವರ್ಷದಿಂದ ಉಂಡದ್ದನ್ನು ಬರೆಯುತ್ತೇನೆ. ಅಮ್ಮಸಂದ್ರದ ಕಾರ್ಖಾನೆ ಎದುರಿನ ಖಾಲಿ ದೋಸೆ, ಚಿಕ್ಕನಾಯಕನಹಳ್ಳಿಯ ಸಂತೆ ದಿನದ ಚಿತ್ರಾನ್ನ, ತುರುವೇಕೆರೆ ಗಂಗಕ್ಕನ ಹೋಟೆಲಿನ ತಟ್ಟೆ ಇಡ್ಲಿ, ಯಾವುದಕ್ಕೂ ಇಷ್ಟು ಜನ ಪತ್ರಿಕೆಗೆ ಫೋನ್ ಮಾಡಿರಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಆ ತುಪ್ಪದ ಜಯಕ್ಕನ ಮನೆ ಎಲ್ಲಿ? ಕಣ್ಣಿಗೆ ತೊಂದರೆಯಿದ್ದರೆ ಸೊಸೆಯ ಕೈಲಿ ಈ ಸಾಲುಗಳನ್ನು ಓದಿಸಿಕೊಳ್ಳಿ:

“ಹುರುಳಿ ಬಸ್ಸಾರಿನ ನಡುವೆ ಮುದ್ದೆ ಹೊಗೆಯಾಡುತ್ತಾ ಕೂತಿತ್ತು. ಆಗ ಜಯಕ್ಕ ಜಂತೆಗೆ ತೂಗುಬಿಟ್ಟ ಹಗ್ಗದ ನೆಲುವಿನಿಂದ ಒಂದು ಮಣ್ಣಿನ ಗಡಿಗೆ ಇಳಿಸಿದರು. ಗಡಿಗೆಯ ಕತ್ತಿಗೆ ಅರಿಶಿನದ ದಾರ, ಮದುಮಗಳ ಹಾಗೆ. ಮಿಳ್ಳೆಯಲ್ಲಿ ತೆಗೆದು ಸುರಿದ ಆ ಮರಳು ಮರಳಾದ ತುಪ್ಪದ ರುಚಿಯನ್ನು ಬೋರನಕಣಿವೆಯ ಆಚೆ ಈಚೆ ನಾನು ಎಲ್ಲೂ ಕಂಡಿಲ್ಲ.”

ಮೊದಲು ಬಡಿಸಿದ ಆ ಪ್ಯಾಕೆಟ್ ತುಪ್ಪದ ಸುದ್ದಿಯನ್ನು ನಾನು ಎತ್ತಿಲ್ಲ ನೋಡಿ. ನಿಮ್ಮ ಮಾನ ಕಾಪಾಡಿದ್ದೇನೆ. ಉಂಡ ಮನೆಯ ಜಂತೆ ಎಣಿಸುವವನು ನಾನಲ್ಲ.

ನಿಮ್ಮ ಅಟ್ಟದ ಕಾಯಿಗಳ ವಿಚಾರ. ದೇವರಿಗೆ ಎತ್ತಿಟ್ಟ ಕಾಯಿಯೊಂದನ್ನು ಬಿಟ್ಟು ಉಳಿದ ರಾಶಿಯನ್ನೆಲ್ಲ ಅಲ್ಲಾಡಿಸಿ ನೋಡಿದ್ದೇನೆ. ಒಳಗೆ ಕೊಬ್ಬರಿ ಬಿಟ್ಟುಕೊಂಡು ಲೊಡಲೊಡ ಅನ್ನುತ್ತಿದೆ. ಇನ್ನೆರಡು ತಿಂಗಳು ಕಾದು ಸುಲಿಸಿ.

ನಿಮ್ಮ ತುಪ್ಪದ ಋಣಿ,
ಭೀಮರಾಜು

*

ಹಟ್ಟಿ, ಹುಳಿಯಾರು ದಾರಿ
20 ಅಕ್ಟೋಬರ್ 2024

ಭೀಮರಾಜಣ್ಣನವರಿಗೆ,

ಕಾಗದ ಬಂತು. ಅದಕ್ಕಿಂತ ಮೊದಲೇ ಪೇಪರು ಬಂದಿತ್ತು. ನನ್ನ ಮಗ ಚಿತ್ತೇಶ್ ಹಾಲಿನ ವ್ಯಾನ್ ಓಡಿಸುತ್ತಾನಲ್ಲ, ಹುಳಿಯಾರಿನ ಟೀ ಅಂಗಡಿಯಲ್ಲಿ ಯಾರೋ ಅವನ ಕೈಗೆ ಕೊಟ್ಟರಂತೆ.

ನನಗೆ ಕಣ್ಣು ಚೆನ್ನಾಗಿದೆ. ಹದಿನೆಂಟು ವರ್ಷ ನಮ್ಮೂರ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿಯಾಗಿದ್ದವಳು, ಓದಲು ಬರೆಯಲು ಯಾರೂ ಬೇಡ. ನೀವು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದೀರಿ. ಆದರೂ ಒಂದು ಉಪಕಾರ ಆಗಬೇಕು. ಮುಂದಿನ ವಾರದ ಪೇಪರಿನಲ್ಲಿ ಒಂದೇ ಒಂದು ಸಾಲು ಹಾಕಿ. ಆ ತುಪ್ಪ ನಮ್ಮ ಮನೆಯದಲ್ಲ, ಬೇರೆ ಯಾವುದೋ ಊರಲ್ಲಿ ತಿಂದದ್ದು, ಬರೆಯುವಾಗ ಕಲೆತುಹೋಯಿತು ಅಂತ. ಇಲ್ಲದಿದ್ದರೆ ಪ್ಯಾಕೆಟ್ ತುಪ್ಪ ಅಂತಲೇ ಹಾಕಿ, ಬೇಜಾರಿಲ್ಲ.

ಪೇಪರಿನ ತುಂಡನ್ನು ವಾಪಸ್ಸು ಕಳಿಸಿದ್ದೇನೆ. ಮನೆಯಲ್ಲಿ ಇಟ್ಟುಕೊಳ್ಳಲು ಜಾಗವಿಲ್ಲ.

ಜಯಕ್ಕ

*

ತಿಪಟೂರು
24 ಅಕ್ಟೋಬರ್ 2024

ಪ್ರೀತಿಯ ಜಯಕ್ಕ,

ನಿಮ್ಮ ಕಾಗದ ಓದಿ ಮಂಡಿಯಲ್ಲಿ ಒಬ್ಬನೇ ನಕ್ಕೆ. ಒಂದು ಸಣ್ಣ ತುಂಡು ಕಾಗದಕ್ಕೆ ಜಾಗವಿಲ್ಲದಷ್ಟು ಚಿಕ್ಕ ಮನೆಯೇ ನಿಮ್ಮದು? ನನಗೆ ಅರ್ಥವಾಯಿತು ಬಿಡಿ. ನೆಂಟರೆಲ್ಲ ತುಪ್ಪ ಕೇಳಿಕೊಂಡು ಬಾಗಿಲಿಗೆ ಬರುತ್ತಿದ್ದಾರೆ. ದೃಷ್ಟಿಯಾಗುತ್ತದೆ ಎಂದು ನಿಮಗೆ ಹೆದರಿಕೆ. ಹೊಗಳಿದರೆ ಒಲೆಯ ಹಿಂದೆ ಅವಿತುಕೊಳ್ಳುವ ಹೆಂಗಸರನ್ನು ನಾನು ಬಹಳ ನೋಡಿದ್ದೇನೆ.

ಆದರೆ ನೀವು ಕೇಳಿದ್ದು ನನ್ನಿಂದ ಆಗದು. ಭೀಮರಾಜು ತಿನ್ನದ್ದನ್ನು ಬರೆದವನಲ್ಲ, ಬರೆದದ್ದನ್ನು ಹಿಂದಕ್ಕೆ ತೆಗೆದುಕೊಂಡವನೂ ಅಲ್ಲ. ಗಂಗಕ್ಕನ ಚಟ್ನಿಯಲ್ಲಿ ಕಾಯಿಗಿಂತ ಹುರಿಗಡಲೆ ಜಾಸ್ತಿ, ತೆಂಗಿನ ಸೀಮೆಯಲ್ಲಿ ಇದು ನಾಚಿಕೆಗೇಡು ಎಂದು ಹೋದ ವರ್ಷ ಬರೆದಿದ್ದೆ. ಅವಳು ಕಣ್ಣೀರು ಹಾಕಿದಳು. ಆಗಲೂ ನಾನು ಒಂದು ಅಕ್ಷರ ತಿದ್ದಲಿಲ್ಲ. ಅದಕ್ಕೇ ಜನ ನನ್ನ ಮಾತು ನಂಬುತ್ತಾರೆ. ಈಗ ನಿಮ್ಮ ತುಪ್ಪ ಪ್ಯಾಕೆಟ್ಟಿನದು ಎಂದರೆ ನನ್ನ ನಾಲಿಗೆಗೇ ಅವಮಾನ.

ಅದರ ಬದಲು ಒಂದು ಮಾತು ಕೇಳಿ. ತುಮಕೂರಿನ ಡಾಕ್ಟರೊಬ್ಬರು ಅದೇ ಗಡಿಗೆಯ ತುಪ್ಪ ಬೇಕು ಎಂದು ಎರಡು ಸಲ ಕೇಳಿದರು. ಒಂದು ಬಾಟಲಿ ಕಟ್ಟಿಡಿ, ನಾನೇ ಬಂದು ಒಯ್ಯುತ್ತೇನೆ.

ನಿಮ್ಮ,
ಭೀಮರಾಜು

*

ಹಟ್ಟಿ
28 ಅಕ್ಟೋಬರ್ 2024

ಭೀಮರಾಜಣ್ಣನವರಿಗೆ,

ಮುಚ್ಚಿಟ್ಟು ಪ್ರಯೋಜನವಿಲ್ಲ. ಬಿಡಿಸಿ ಬರೆಯುತ್ತೇನೆ.

ನಮ್ಮಲ್ಲಿ ಗೌರಿ ಹಬ್ಬದಿಂದ ಕಾರ್ತಿಕದ ಎರಡನೇ ಸೋಮವಾರದವರೆಗೆ ಒಂದು ಹಸುವಿನ ಹಾಲು ಮನೆದೇವರಿಗೆ ಮೀಸಲು. ಅದು ಡೈರಿಗೂ ಹೋಗುವುದಿಲ್ಲ, ಮಕ್ಕಳ ಬಾಯಿಗೂ ಹೋಗುವುದಿಲ್ಲ. ಹೆಪ್ಪು ಹಾಕಿ, ಕಡೆದು, ಬೆಣ್ಣೆ ಕಾಯಿಸಿ ಗಡಿಗೆಗೆ ತುಂಬಿ, ಕತ್ತಿಗೆ ಅರಿಶಿನದ ದಾರ ಕಟ್ಟಿ ನೆಲುವಿನಲ್ಲಿ ಇಡುತ್ತೇವೆ. ಆ ಸೋಮವಾರ ದೇವರ ದೀಪ ಉರಿಯುವುದು ಆ ತುಪ್ಪದಲ್ಲಿ. ಅಲ್ಲಿಯತನಕ ಅದನ್ನು ಬೆರಳಲ್ಲಿ ಮುಟ್ಟಿ ನೆಕ್ಕಿದವರಿಲ್ಲ. ಇಡೀ ಹಟ್ಟಿಯ ಪರವಾಗಿ ಮೀಸಲು ಕಡೆಯುವ ಕೆಲಸ ನಮ್ಮ ಅತ್ತೆಯಿಂದ ನನಗೆ ಬಂತು. ಇಪ್ಪತ್ತೆರಡು ವರ್ಷ ಮಾಡಿದ್ದೇನೆ. ಈ ವರ್ಷ ಸೊಸೆ ಧನುಶ್ರೀಗೆ ಕಡೆಗೋಲು ಹಿಡಿಸಿ ಕಲಿಸುತ್ತಿದ್ದೆ.

ನೀವು ಬಂದ ದಿನ ಮುದ್ದೆಯ ಮೇಲೆ ಪ್ಯಾಕೆಟ್ ತುಪ್ಪ ಹಾಕಿದೆ. ನೀವು ಮೂಸಿ ನೋಡಿ ಒಂದು ಮಾತಂದಿರಿ, ನೆನಪಿದೆಯಾ? “ಏನಕ್ಕ, ಹಟ್ಟೀಲೂ ಪ್ಯಾಕೆಟ್ ತುಪ್ಪಾನಾ? ಇದ್ನ ತಿನ್ನಾಕೆ ಇಷ್ಟು ದೂರ ಬರ್ಬೇಕಿತ್ತಾ?” ಸೊಸೆ ಪಕ್ಕದಲ್ಲೇ ನಿಂತಿದ್ದಳು. ಹಸು ಕಟ್ಟಿಕೊಂಡು ಬದುಕುವ ಮನೆಯಲ್ಲಿ ಇಂಥ ಮಾತು ಕೇಳಿ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೈ ತಾನಾಗಿ ನೆಲುವಿಗೆ ಹೋಯಿತು. ದೇವರ ಭಯಕ್ಕಿಂತ ನಿಮ್ಮ ನಗುವಿನ ಭಯ ದೊಡ್ಡದಾಯಿತು. ಇದನ್ನು ಬರೆಯಲೂ ನಾಚಿಕೆಯಾಗುತ್ತಿದೆ.

ಆ ಎರಡು ತಿಂಗಳು ನಮ್ಮ ಮನೆಯ ನೆಲುವಿನಲ್ಲಿ ಬೇರೆ ತುಪ್ಪ ಇರುವುದಿಲ್ಲ ಅಂತ ಹಟ್ಟಿಯ ಮಕ್ಕಳಿಗೂ ಗೊತ್ತು. ನೀವು ದಾರವನ್ನೂ ಬರೆದಿದ್ದೀರಿ. ಯಾರೂ ನನ್ನನ್ನು ಬೈದಿಲ್ಲ. ಕೊಳಾಯಿ ಹತ್ತಿರ ಹೋದರೆ ಮಾತು ನಿಲ್ಲಿಸುತ್ತಾರೆ. ನಮ್ಮ ಯಜಮಾನರು ಪೇಪರು ನೋಡಿದ ಮೇಲೆ ಊಟಕ್ಕೆ ಕೂತಾಗ ತುಪ್ಪಕ್ಕೆ ಕೈ ಅಡ್ಡ ಹಿಡಿಯುತ್ತಾರೆ.

ಪೇಪರಿನವರು ಇಲ್ಲದ್ದು ಬರೆದಿದ್ದಾರೆ ಅಂತ ಹೇಳಿಬಿಟ್ಟಿದ್ದೇನೆ. ಸುಳ್ಳು ಹೇಳಿದೆ. ಬರುವ ಸೋಮವಾರ, ನಾಲ್ಕನೇ ತಾರೀಖು, ಹಿರಿಯರು ಕೂತು ಕೇಳುತ್ತಾರೆ. ಮೂರನೇ ತಾರೀಖಿನ ಪೇಪರಿನಲ್ಲಿ ನಿಮ್ಮ ಒಂದು ಸಾಲು ಬಂದರೆ ಮೀಸಲು ನಮ್ಮ ಮನೆಯಲ್ಲಿ ಉಳಿಯುತ್ತದೆ. ಬರದಿದ್ದರೆ ಹೋಗುತ್ತದೆ. ನನ್ನದು ಹೋದರೆ ಹೋಗಲಿ, ಧನುಶ್ರೀಯದೂ ಹೋಗುತ್ತದೆ.

ಕೈ ಮುಗಿಯುತ್ತೇನೆ.

ಜಯಕ್ಕ

*

ತಿಪಟೂರು
2 ನವೆಂಬರ್ 2024

ಜಯಕ್ಕ,

ನನಗೆ ಇದೊಂದೂ ಗೊತ್ತಿರಲಿಲ್ಲ, ದೇವರಾಣೆ. ಗೊತ್ತಿದ್ದರೆ ಗಡಿಗೆಯ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ನಮ್ಮದು ತೋಟದ ಕಡೆ, ಹಟ್ಟಿಯ ನಡವಳಿಕೆ ನಮಗೆ ಹೇಗೆ ತಿಳಿಯಬೇಕು?

ಸಂಪಾದಕರನ್ನು ಕೇಳಿದೆ. ದೀಪಾವಳಿ ಸಂಚಿಕೆ, ಜಾಹೀರಾತು ತುಂಬಿದೆ, ಒಂದು ಸಾಲಿಗೂ ಜಾಗವಿಲ್ಲ ಎಂದರು. ಮುಂದಿನ ವಾರ ನೋಡೋಣ. ಅಷ್ಟರಲ್ಲಿ ಹಿರಿಯರು ಕೇಳಿದರೆ, ಬಂದ ಅತಿಥಿ ಹಟ ಹಿಡಿದ, ಇಲ್ಲ ಅನ್ನಲು ಬಾಯಿ ಬರಲಿಲ್ಲ ಎಂದುಬಿಡಿ. ನನ್ನ ಹೆಸರು ಹೇಳಿದರೂ ಬೇಸರವಿಲ್ಲ. ದೊಡ್ಡವರು, ಇಷ್ಟಕ್ಕೆಲ್ಲ ದೊಡ್ಡದು ಮಾಡಲಾರರು.

ಹಬ್ಬಕ್ಕೆಂದು ಒಂದು ಡಬ್ಬ ಕೊಬ್ಬರಿ ಮಿಠಾಯಿ ಹುಳಿಯಾರು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದ್ದೇನೆ.

ಭೀಮರಾಜು

*

ಹಟ್ಟಿ
14 ನವೆಂಬರ್ 2024

ಭೀಮರಾಜು,

ನಿನ್ನ ಕಾಗದ ಬುಧವಾರ ಬಂತು. ಹಿರಿಯರು ಸೋಮವಾರವೇ ಕೂತಿದ್ದರು. ಇನ್ನು ನಿನಗೆ ‘ನೀವು’ ಅನ್ನಲು ಕೈ ಬರುತ್ತಿಲ್ಲ. ನನಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವನು, ತಪ್ಪು ತಿಳಿಯಬೇಡ.

ಬೇವಿನ ಮರದ ಕಟ್ಟೆಯ ಮೇಲೆ ನಮ್ಮ ಭಾವ ಚಿತ್ತಯ್ಯನವರು ನಡುವೆ ಕೂತಿದ್ದರು. ಪೇಪರು ಅವರ ಕೈಲಿತ್ತು. ನೀನು ಬರೆದದ್ದನ್ನು ಮೊದಲಿಂದ ಕಡೆತನಕ ಓದಿಸಿದರು. ಬಸ್ಸಾರು, ಮುದ್ದೆ, ಮದುಮಗಳು, ಎಲ್ಲ. ಇಪ್ಪತ್ತಾರು ಮನೆಯವರೂ ನಿಂತು ಕೇಳಿದರು. ನೀನು ಬಹಳ ಚೆನ್ನಾಗಿ ಬರೆದಿದ್ದೀಯ. ಕೇಳುವಾಗ ಬಾಯಲ್ಲಿ ನೀರು ಬಂತು, ಕಣ್ಣಲ್ಲೂ ಬಂತು.

ಭಾವ ನನ್ನ ಮುಖ ನೋಡದೆ ಕೇಳಿದರು, “ಪೇಪರ್ನಾಗೆ ಬಂದಿರೋದು ದಿಟನೇನವ್ವ?”

ಇಲ್ಲ ಅನ್ನಬೇಕು ಅಂತಲೇ ಹೋಗಿದ್ದೆ. ಅಷ್ಟರಲ್ಲಿ ನನ್ನ ಹಿಂದಿನಿಂದ ಧನುಶ್ರೀ ಮುಂದಕ್ಕೆ ಬಂದಳು. ಮದುವೆಯಾಗಿ ಏಳು ತಿಂಗಳಾದ ಹುಡುಗಿ, ಹಿರಿಯರ ಮುಂದೆ ತಲೆ ಎತ್ತಿದವಳಲ್ಲ.

“ಇಳ್ಸಿದ್ದು ನಾನು ಕಣ್ ದೊಡ್ಮಾವ. ಅತ್ತೆಗೆ ಗೊತ್ತಿಲ್ಲ” ಅಂದಳು.

ಅವಳಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ. ನನಗೆ ಆಗ ಆದ ನಾಚಿಕೆ ನಿನ್ನ ಪೇಪರಿನಿಂದಲೂ ಆಗಿರಲಿಲ್ಲ. ನಾನು ಅವಳ ಕೈ ಹಿಡಿದು ಹಿಂದಕ್ಕೆಳೆದೆ. “ಬುಡವ್ವ. ಇಳ್ಸಿದ್ದು ನಾನು, ಬಡ್ಸಿದ್ದು ನಾನು. ಸುಳ್ಳು ಹೇಳಿದ್ದೂ ನಾನೇಯ” ಅಂದೆ.

ನಿನ್ನ ಕಾಗದ ಮೊದಲೇ ಬಂದಿದ್ದರೂ ಅತಿಥಿ ಹಟ ಹಿಡಿದ ಅಂತ ಹೇಳುತ್ತಿರಲಿಲ್ಲ. ನೀನು ನಕ್ಕೆ ಅಷ್ಟೇ, ಹಟ ಹಿಡಿಯಲಿಲ್ಲ.

ಗಡಿಗೆ ಎಂಜಲಾಯಿತು, ಅದನ್ನು ಕೆರೆಗೆ ಬಿಡು ಅಂದರು. ದೀಪಕ್ಕೆ ಇನ್ನು ಒಂದೇ ವಾರ. ಅದಕ್ಕೆ ನಾನು ಇಪ್ಪತ್ತಾರು ಮನೆಯ ಬಾಗಿಲಿಗೂ ಬರಿಗಾಲಲ್ಲಿ ಹೋಗಿ, ಮಾಡಿದ್ದನ್ನು ಬಾಯಿಬಿಟ್ಟು ಹೇಳಿ, ಒಂದೊಂದು ಮಿಳ್ಳೆ ತುಪ್ಪ ಕೇಳಿ ಹೊಸ ಗಡಿಗೆ ತುಂಬಬೇಕು. ಮುಂದಿನ ವರ್ಷದಿಂದ ಮೀಸಲು ಭಾವನ ಮನೆಗೆ.

ಹೋದೆ. ಮೊದಲ ಬಾಗಿಲು ದುರ್ಗಯ್ಯನದು. ಹೇಳಬೇಕಾದದ್ದು ಹೇಳಿ ಗಡಿಗೆ ಮುಂದೆ ಹಿಡಿದೆ. ಅವನ ಹೆಂಡತಿ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಆಮೇಲೆ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಂದು, ನನಗೆ ಬೆನ್ನು ಹಾಕಿ ಅದನ್ನು ಕತ್ತರಿಸಿದಳು. ಪ್ಯಾಕೆಟ್ ತುಪ್ಪ.

ಎರಡನೇ ಮನೆಯಲ್ಲೂ ಅದೇ. ಬೋರಯ್ಯನ ಮನೆಯಲ್ಲೂ ಅದೇ. ಭಾವ ಚಿತ್ತಯ್ಯನವರ ಮನೆಯಲ್ಲೂ ಅದೇ, ಅವರು ಎದ್ದು ಹಿತ್ತಲಿಗೆ ಹೋದರು. ನಾನು ತಲೆ ತಗ್ಗಿಸಿ ಕೇಳಿದೆ, ಅವರು ತಲೆ ತಗ್ಗಿಸಿ ಕೊಟ್ಟರು. ಹಸು ಇರುವ ಇಪ್ಪತ್ತಾರು ಮನೆಯಲ್ಲಿ ಕಡೆದ ತುಪ್ಪ ಒಂದು ಮಿಳ್ಳೆ ಸಿಗಲಿಲ್ಲ. ಯಾಕೆ ಸಿಗುತ್ತದೆ? ಎರಡು ಹೊತ್ತಿನ ಹಾಲನ್ನೂ ಡೈರಿಗೆ ಹಾಕಿ, ಮನೆಯಲ್ಲಿ ಕಡೆಯುತ್ತಾ ಕೂತರೆ ಮಕ್ಕಳ ಓದು ಸಾಗುವುದಿಲ್ಲ ಅಂತ ಮನೆ ಮನೆಗೆ ಹೋಗಿ ಹೇಳಿದವಳು ನಾನೇ. ಆಗಲೂ ಇದೇ ಬಾಗಿಲುಗಳಿಗೆ ಹೋಗಿದ್ದೆ. ಆಗ ತಲೆ ಎತ್ತಿಕೊಂಡು ಹೋಗಿದ್ದೆ.

ಸೋಮವಾರ ದೇವರ ದೀಪ ಪ್ಯಾಕೆಟ್ ತುಪ್ಪದಲ್ಲಿ ಉರಿಯಿತು. ಇದನ್ನು ನೀನು ಎಲ್ಲೂ ಬರೆಯಕೂಡದು. ಇದು ನನ್ನೊಬ್ಬಳ ಮಾನವಲ್ಲ.

ಒಂದೇ ಒಂದು ಕೇಳುತ್ತೇನೆ. ಗೊತ್ತಿರಲಿಲ್ಲ ಅಂತ ಆಣೆ ಇಟ್ಟಿದ್ದೀಯ. ಅವತ್ತು ಅಟ್ಟದಲ್ಲಿ ನಾನು ದೀಪ ಹಿಡಿದು ನಿನ್ನ ಪಕ್ಕದಲ್ಲೇ ಇದ್ದೆ. ರಾಶಿಯಲ್ಲಿ ಅರಿಶಿನದ ದಾರ ಕಟ್ಟಿದ ಕಾಯಿ ಬಂದಾಗ ನೀನು ಕೈ ಹಿಂದಕ್ಕೆ ತೆಗೆದೆ, ಮುಟ್ಟದೆ ದಾಟಿದೆ. ಮೊದಲ ಕಾಗದದಲ್ಲಿ ನೀನೇ ಬರೆದಿದ್ದೀಯ, ದೇವರ ಕಾಯಿ ಬಿಟ್ಟು ಅಂತ. ಅದೇ ದಾರ ಗಡಿಗೆಯ ಕತ್ತಿನಲ್ಲೂ ಇತ್ತಲ್ಲ?

ನಿನ್ನ ಮಿಠಾಯಿ ಡಬ್ಬ ಗೂಡಿನಲ್ಲಿ ಹಾಗೇ ಇದೆ. ಯಾರೂ ಬಿಚ್ಚಿಲ್ಲ.

ಜಯಕ್ಕ

*

ತಿಪಟೂರು
1 ಡಿಸೆಂಬರ್ 2024

ಅಕ್ಕ,

ನಾಲ್ಕು ಸಲ ಬರೆದು ಹರಿದಿದ್ದೇನೆ. ಇದು ಐದನೆಯದು.

ಗೊತ್ತಿತ್ತು.

ನಮ್ಮೂರು ಸಂಪಿಗೆಯಲ್ಲಿ ನನ್ನ ಅಜ್ಜಿ ಭೂತಮ್ಮ ಪ್ರತಿ ವರ್ಷ ಅಟ್ಟಕ್ಕೆ ಹಾಕುವ ಮೊದಲ ಕಾಯಿಗೆ ಅರಿಶಿನದ ದಾರ ಕಟ್ಟುತ್ತಿದ್ದಳು. ಅದು ಶ್ರೀನಿವಾಸ ದೇವರದು. ಆ ದಾರ ಕಂಡರೆ ಕೈ ಹಿಂದಕ್ಕೆ ತೆಗೆಯಬೇಕು ಎಂದು ಅವಳು ಕಲಿಸಿದ್ದು ನನಗೆ ಮಾತು ಬರುವ ಮೊದಲೇ ಇರಬೇಕು. ಇಪ್ಪತ್ತೇಳು ವರ್ಷದಿಂದ ಸಾವಿರಾರು ಅಟ್ಟ ಹತ್ತಿದ್ದೇನೆ, ದಾರದ ಕಾಯಿಯನ್ನು ಒಂದು ದಿನವೂ ಮುಟ್ಟಿಲ್ಲ.

ನೀವು ನೆಲುವಿಗೆ ಕೈ ಹಾಕಿದಾಗ ದಾರ ಕಂಡಿತು. ನಿಮ್ಮ ಸೊಸೆಯ ಮುಖ ಬಿಳಿಚಿಕೊಂಡದ್ದೂ ಕಂಡಿತು. ‘ಬೇಡಕ್ಕ’ ಎಂದಿದ್ದರೆ ಸಾಕಿತ್ತು. ಒಂದು ಅಕ್ಷರ ಕಡಿಮೆಯಾದರೂ ನಡೆಯುತ್ತಿತ್ತು, ‘ಬೇಡ’ ಅಷ್ಟೇ. ಆದರೆ ಎಲ್ಲೂ ಸಿಗದ್ದು ನನ್ನ ಎಲೆಗೆ ಬೀಳುತ್ತಿದೆ ಎಂದು ಒಳಗೊಳಗೇ ಹಿಗ್ಗಿದೆ. ದೇವರ ಪಾಲಿನದೆಂದೇ ಅದರ ರುಚಿ ಹೆಚ್ಚಾಯಿತೋ ಏನೋ. ಎರಡನೇ ಸಲ ಕೈ ಒಡ್ಡಿದ್ದು ನಿಮಗೆ ನೆನಪಿರಬೇಕು. ನೀವು ಮರೆತಿದ್ದರೂ ನಾನು ಮರೆತಿಲ್ಲ.

ಇನ್ನೊಂದು. ನಾನು ಸಂಪಾದಕರನ್ನು ಕೇಳಲೇ ಇಲ್ಲ. ನಿಮ್ಮ ಕಾಗದ ಗುರುವಾರವೇ ಕೈಸೇರಿತ್ತು. ಒಂದು ಫೋನಿನ ಕೆಲಸ. ಫೋನ್ ಕೈಲಿ ಹಿಡಿದು ಕೂತೆ. ಭೀಮರಾಜುವೂ ತಪ್ಪು ಬರೆಯುತ್ತಾನೆ ಎಂದು ತುರುವೇಕೆರೆಯಲ್ಲಿ, ತಿಪಟೂರಿನಲ್ಲಿ ನಗುತ್ತಾರಲ್ಲ ಎನ್ನಿಸಿತು. ಗಂಗಕ್ಕ ನಗುತ್ತಾಳಲ್ಲ ಎನ್ನಿಸಿತು. ಫೋನ್ ಜೇಬಿಗೆ ಹಾಕಿಕೊಂಡು ಕಾಫಿ ಕುಡಿಯಲು ಹೋದೆ. ನಿಜ ಹೇಳುತ್ತೇನೆ, ಕಾಫಿ ಚೆನ್ನಾಗಿತ್ತು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಹೋದದ್ದು ನನ್ನದಾಗಿದ್ದರೆ ಸರಿಯಿತ್ತು. ನಿಮ್ಮದು ಹೋಯಿತು. ನಾನು ಇಂದಿಗೂ ಮಂಡಿಯಲ್ಲಿ ತಲೆ ಎತ್ತಿಕೊಂಡೇ ಓಡಾಡುತ್ತಿದ್ದೇನೆ, ಜನ ನಮಸ್ಕಾರ ಮಾಡುತ್ತಾರೆ. ಅದು ತಡೆಯಲಾಗುತ್ತಿಲ್ಲ. ಅಂಕಣ ನಿಲ್ಲಿಸಿದ್ದೇನೆ. ಅಲ್ಸರ್ ಎಂದು ಹೇಳಿದ್ದೇನೆ. ಅಲ್ಲೂ ಸುಳ್ಳೇ.

ಭೀಮರಾಜು

*

ಹಟ್ಟಿ
22 ಡಿಸೆಂಬರ್ 2024

ಭೀಮರಾಜು,

ಓದಿದೆ. ಧನುಶ್ರೀಗೂ ಓದಿ ಹೇಳಿದೆ. ಅವಳು, ದಾರ ನೋಡಿದ್ರು ಅಂತ ನಂಗೆ ಅವತ್ತೇ ಗೊತ್ತಿತ್ತು ಅತ್ತೆ, ಅಂದಳು. ಅವಳಿಗೆ ನನ್ನ ಮೇಲೂ ಕೋಪ ಇರಬೇಕು. ತೋರಿಸುವುದಿಲ್ಲ. ಕಡೆಗೋಲು ಭಾವನ ಮನೆಗೆ ಹೋದ ದಿನ ಮಾತ್ರ ಅವಳು ಊಟ ಮಾಡಲಿಲ್ಲ.

ಬರೆಯುವುದನ್ನು ನಿಲ್ಲಿಸಿದರೆ ನನಗೇನು ಬಂತು? ಅಲ್ಸರ್ ಅಂತ ಹೇಳಿಕೊಂಡು ಮನೆಯಲ್ಲಿ ಕೂತವನಿಂದ ಯಾರಿಗೂ ಏನೂ ಆಗುವುದಿಲ್ಲ. ಸಂಕ್ರಾಂತಿಗೆ ಊಟಕ್ಕೆ ಬಾ. ಅವರೆಕಾಳು ಸಾರು, ಸಿಹಿ ಕುಂಬಳದ ಪಲ್ಯ, ಪೊಂಗಲ್ ಇರುತ್ತದೆ. ತುಪ್ಪ ಪ್ಯಾಕೆಟ್ಟಿನದು. ಬಾಯಿ ಮುಚ್ಚಿಕೊಂಡು ಉಂಡು ಹೋಗು. ಹಟ್ಟಿಯವರು ನೋಡುತ್ತಾರೆ, ನೋಡಲಿ. ಭಾವ ಚಿತ್ತಯ್ಯನವರಿಗೂ ಹೇಳಿದ್ದೇನೆ, ಅವರು ಬೇಡ ಅನ್ನಲಿಲ್ಲ.

ಜಯಕ್ಕ

*

ತಿಪಟೂರು
16 ಜನವರಿ 2025

ಅಕ್ಕ,

ಸಂಕ್ರಾಂತಿಯ ದಿನ ಹೊರಟೆ. ಎಳ್ಳು ಬೆಲ್ಲ, ಎರಡು ಜಲ್ಲೆ ಕಬ್ಬು ಸ್ಕೂಟರಿಗೆ ಕಟ್ಟಿಕೊಂಡಿದ್ದೆ. ನಿಮ್ಮ ಹಟ್ಟಿಗೆ ತಿರುಗುವ ಹುಣಸೆ ಮರದವರೆಗೂ ಬಂದೆ. ಅಲ್ಲಿಂದ ಬೇವಿನ ಕಟ್ಟೆ ಕಾಣುತ್ತದೆ. ಕಟ್ಟೆಯ ಮೇಲೆ ನಾಲ್ಕೈದು ಜನ ಕೂತಿದ್ದರು. ಅವರ ಮುಂದೆ ಸ್ಕೂಟರ್ ನಿಲ್ಲಿಸಿ ಇಳಿಯಬೇಕಲ್ಲ ಎಂದು ಮರದ ಕೆಳಗೇ ಗಾಡಿ ನಿಲ್ಲಿಸಿದೆ. ಬಹಳ ಹೊತ್ತು ನಿಂತಿದ್ದೆ. ಆಮೇಲೆ ಗಾಡಿ ತಿರುಗಿಸಿದೆ.

ಹುಳಿಯಾರಿನ ಹೋಟೆಲಿನಲ್ಲಿ ಉಂಡೆ. ಏನು ಬಡಿಸಿದರೋ ನೆನಪಿಲ್ಲ. ಕಬ್ಬನ್ನು ಬಸ್ ಸ್ಟ್ಯಾಂಡಿನಲ್ಲಿ ಯಾರಿಗೋ ಕೊಟ್ಟೆ. ನಿಮ್ಮ ಮುಖ ನೋಡಲು ನನಗೆ ಇನ್ನೂ ಸ್ವಲ್ಪ ದಿನ ಬೇಕು. ನೀವು ದೊಡ್ಡವರು, ಅರ್ಥ ಮಾಡಿಕೊಳ್ಳುತ್ತೀರಿ.

ಭೀಮರಾಜು

*

ಹಟ್ಟಿ
20 ಜನವರಿ 2025

ಭೀಮರಾಜು,

ಹುಣಸೆ ಮರದ ಕೆಳಗೆ ನೀನು ನಿಂತಿದ್ದನ್ನು ಎಲ್ಲರೂ ನೋಡಿದೆವು. ಕಟ್ಟೆಯ ಮೇಲೆ ಕೂತಿದ್ದವರಲ್ಲಿ ನಮ್ಮ ಯಜಮಾನರೂ ಭಾವನವರೂ ಇದ್ದರು. ನಿನ್ನ ಜೊತೆ ಉಣ್ಣಬೇಕು ಅಂತ ಹಸಿದು ಕಾಯುತ್ತಿದ್ದರು. ಧನುಶ್ರೀ ಎಲೆ ಹಾಕಿ, ನೀರು ಚಿಮುಕಿಸಿ, ತುಪ್ಪ ಬಿಸಿ ಮಾಡಿ ಇಟ್ಟಿದ್ದಳು. ನಿನ್ನ ಗಾಡಿ ತಿರುಗಿದ ಮೇಲೆ ಅವರಿಬ್ಬರೇ ಉಂಡರು. ಸಂಜೆ ನಿನ್ನ ಎಲೆಯನ್ನು ಹಸುವಿಗೆ ಹಾಕಿದೆ.

ನಾನು ಇಪ್ಪತ್ತಾರು ಬಾಗಿಲಿಗೆ ಹೋದೆನಲ್ಲಪ್ಪ. ನಿನಗೆ ಒಂದು ಬಾಗಿಲಿಗೆ ಬರಲು ಆಗಲಿಲ್ಲವೇ?

ಜಯಕ್ಕ